ಅಪ್‌ಡೇಟ್: 40 ಅಡಿ ಬೋರ್ಡಿಗೆ ಕೊನೆಗೂ ರೇಟು ಹಾಕಿದೆ

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ಗಂಗಾವತಿ ಹತ್ತಿರದ ರೈಸ್ ಮಿಲ್ ಒಂದಕ್ಕೆ 40 ಅಡಿ ಉದ್ದ, 8 ಅಡಿ ಎತ್ತರದ ಬೋರ್ಡ್ ಬೇಕಂತೆ, ಅಂಗಡಿ ಬೋರ್ಡಿನ ಚದರಡಿ ರೇಟನ್ನೇ ಹಾಕಿದರೆ ಸಾಕಾ ಅಂತ. ಸಾಕಾಗುವುದಿಲ್ಲ!

ನೀವು ಹೇಳಿದ ಹಾಗೆ ಒಂದೊಂದನ್ನೂ ಬೇರೆ ಬರೆದು ಕೂಡಿಸಿದೆ. 320 ಚದರಡಿಗೆ 8 ಅಡಿ ಉದ್ದ, 4 ಅಡಿ ಅಗಲದ ಎಸಿಪಿ ಶೀಟ್ (ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವ ಹಲಗೆ) ಲೆಕ್ಕಕ್ಕೆ 10. ಅಂಚು ಮಡಚುವಾಗ ವೇಸ್ಟ್ ಆಗುತ್ತದೆ, 12 ಹಿಡಿದೆ. ನನಗೆ ಹೆದರಿಕೆ ಹುಟ್ಟಿಸಿದ್ದು ಶೀಟನ್ನು ಹಿಡಿದು ನಿಲ್ಲಿಸುವ ಕಬ್ಬಿಣದ ಫ್ರೇಮ್. ಚಿಕ್ಕ ಬೋರ್ಡಿಗೆ ತೆಳು ಪೈಪ್ ನಡೆಯುತ್ತದೆ. ಇಷ್ಟು ದೊಡ್ಡದು ಗಾಳಿಗೆ ಗೋಡೆಯ ಹಾಗೆ ಎದೆ ಕೊಟ್ಟು ನಿಲ್ಲುತ್ತದೆ. ಮಳೆಗಾಲಕ್ಕೆ ಮುಂಚಿನ ಬಿರುಗಾಳಿ ಗೊತ್ತಲ್ವಾ. ಇಂಜಿನಿಯರ್ ಒಬ್ಬರಿಗೆ ತೋರಿಸಿದೆ. ಪೈಪಿನ ತೂಕ ನಾನು ಅಂದುಕೊಂಡದ್ದರ ಎರಡರಷ್ಟಾಯಿತು. ಮೇಲೆ ಕ್ರೇನ್ ಬಾಡಿಗೆ, ವೆಲ್ಡರ್ ಕೂಲಿ, 18% ಜಿಎಸ್‌ಟಿ.

"ಜಾಸ್ತಿ ಆಯ್ತಲ್ರೀ" ಅಂದರು ಮಾಲೀಕರು. ರೇಟು ಇಳಿಸಲಿಲ್ಲ. ಅಂಚಿನ ಲೈಟ್ ಬಿಡೋಣ, ಅಕ್ಷರಕ್ಕೆ ಮಾತ್ರ ಇರಲಿ ಸಾಹುಕಾರ್ರೇ ಅಂದೆ. ಒಪ್ಪಿದರು. ಅರ್ಧ ದುಡ್ಡು ಅಡ್ವಾನ್ಸ್ ಬಂದ ಮೇಲೆಯೇ ಮಾಲು ತರಿಸಿದೆ. (ಮೊದಲೆಲ್ಲ ಸಾಲ ಮಾಡಿ ತರುತ್ತಿದ್ದೆ, ಬುದ್ಧಿಗೇಡಿ.)

ಫಿಟಿಂಗ್ ದಿನ ಕರೆಂಟ್ ಹೋಗಿ ವೆಲ್ಡಿಂಗ್ ನಿಂತಿತು. ಅರ್ಧ ದಿನ ಕ್ರೇನ್ ಸುಮ್ನೆ ನಿಂತಿತ್ತು. ಆ ಬಾಡಿಗೆ ನನ್ನ ಕೈಯಿಂದಲೇ ಹೋಯಿತು. ಅದನ್ನು ಕೊಟೇಶನ್‌ನಲ್ಲಿ ಬರೆದಿರಲಿಲ್ಲ.