ಡೈ ಮೇಲೆ ಡೈ ಬಿದ್ದು ಕಡುಗಪ್ಪಾದ ಕೂದಲು: ಮೆತ್ತಗೆ ಇಳಿಸೋದು ಹೇಗೆ?

ಕೇಳಿದವರು: ವರ್ಷಗಟ್ಟಲೆ ಮನೆಯಲ್ಲೇ ಕಪ್ಪು ಡೈ ಹಚ್ಚಿಕೊಳ್ಳುತ್ತಿದ್ದೇನೆ. ಈಗ ಬೈತಲೆ ಹತ್ತಿರ ಕಂದು, ಭುಜದಿಂದ ಕೆಳಗೆ ಕಡುಗಪ್ಪು. ತುದಿ ಒರಟು, ಹೊಳಪೇ ಇಲ್ಲ. ಬ್ಲೀಚ್ ಮಾಡಿಸೋಕೆ ಭಯ. ಕೂದಲು ಹಾಳಾಗದ ಹಾಗೆ ಬಣ್ಣ ಇಳಿಸಬಹುದಾ?

ಪಾರ್ಲರ್ ನಡೆಸುವವರು, ಹಾಸನ: ಇಳಿಸಬಹುದು, ಪೂರ್ತಿ ಅಲ್ಲ. ಡೈಯಲ್ಲಿರುವ ಅಮೋನಿಯ ಕೂದಲಿನ ಹೊರಪದರವನ್ನು ಸಡಿಲ ಮಾಡುತ್ತದೆ. ಬೆರೆಸುವ ಪೆರಾಕ್ಸೈಡ್‌ನಿಂದ ಬಣ್ಣದ ಸಣ್ಣ ಕಣಗಳು ಕೂದಲಿನ ಒಳಗೇ ಕೂಡಿಕೊಂಡು ದೊಡ್ಡದಾಗುತ್ತವೆ. ಹೋದ ದಾರಿಯಲ್ಲಿ ಸುಲಭವಾಗಿ ವಾಪಸ್ ಬರಲ್ಲ. ಪ್ರತಿ ಸಲ ಬುಡದಿಂದ ತುದಿವರೆಗೆ ಬ್ರಷ್ ಎಳೆದರೆ ತುದಿಯಲ್ಲಿ ಬಣ್ಣ ಸೇರುತ್ತಾ ಹೋಗುತ್ತದೆ. ತಿಳಿ ಬಣ್ಣದ ಡೈ ತಂದು ಮೇಲೆ ಹಚ್ಚಬೇಡಿ. ಡೈಯಿಂದ ಡೈ ತೆಗೆಯೋಕೆ ಆಗಲ್ಲ. ಬುಡ ತಿಳಿಯಾಗಿ, ತುದಿ ಹಾಗೇ ಉಳಿದು, ಇನ್ನೂ ಎದ್ದು ಕಾಣುತ್ತದೆ.

ಮೊದಲು ಕ್ಲಾರಿಫೈಯಿಂಗ್ ಶಾಂಪೂ, ಅಂದರೆ ಮಾಮೂಲಿಗಿಂತ ಜೋರಾಗಿ ತೊಳೆಯುವ ಶಾಂಪೂ, ಹಾಕಿ ನೋಡಿ. ವಾರಕ್ಕೊಮ್ಮೆ ಸಾಕು. ನೊರೆಯನ್ನು ಕಪ್ಪಾದ ಭಾಗದಲ್ಲಿ ಐದು ನಿಮಿಷ ಬಿಟ್ಟು ತೊಳೆಯಿರಿ. ಆಮೇಲೆ ಕಂಡೀಷನರ್ ಹಾಕಲೇಬೇಕು.

ಮೈಸೂರಿನಿಂದ: ನಾನು ವಿಟಮಿನ್ ಸಿ ಹಾಕಿ ನೋಡಿದ್ದೇನೆ. ಚೀಪುವ ಕಿತ್ತಳೆ ಮಾತ್ರೆ ಕುಟ್ಟಬೇಡಿ, ಅದರಲ್ಲಿ ಸಕ್ಕರೆ, ಬಣ್ಣ ಎಲ್ಲಾ ಇರುತ್ತೆ. ಬರೀ ಆಸ್ಕಾರ್ಬಿಕ್ ಆಸಿಡ್ ಪುಡಿ ತಗೊಳ್ಳಿ. ಒಂದು ಚಮಚಕ್ಕೆ ಎರಡು ಮೂರು ಚಮಚ ಶಾಂಪೂ ಹಾಕಿ, ಬೆರಳಿಗೆ ಹರಳು ಸಿಗದ ಹಾಗೆ ಕಲಸಿ. ಒದ್ದೆ ಕೂದಲಿಗೆ, ಕಪ್ಪಾದ ಕಡೆ ಮಾತ್ರ. ನೆತ್ತಿಗೆ ತಾಗಿದರೆ ಉರಿಯುತ್ತೆ. ಅರ್ಧ ಗಂಟೆ ಬಿಟ್ಟು ತೊಳೆದಾಗ ನೀರು ಡಿಕಾಕ್ಷನ್ ಬಣ್ಣಕ್ಕಿತ್ತು! ಖುಷಿಯಲ್ಲಿ ಒಣಗಿಸಿ ನೋಡಿದರೆ ಒಂದು ಛಾಯೆ ಕಮ್ಮಿ, ಅಷ್ಟೇ. ಹೊಸದಾಗಿ ಹಚ್ಚಿದ್ದು ಇಳಿಯುತ್ತೆ, ಹಳೇದು ಜಗ್ಗಲ್ಲ. ವೀಡಿಯೊಗಳಲ್ಲಿ ಹೇಳೋ ಅಡುಗೆ ಸೋಡಾ ಮಾತ್ರ ಬೇಡ. ಅದು ಕ್ಷಾರ, ಒರಟು ಕೂದಲು ಇನ್ನೂ ಒರಟಾಗುತ್ತೆ.

ಬೆಂಗಳೂರು, ವೈಟ್‌ಫೀಲ್ಡ್: ನಿಮ್ಮನೇಲಿ ಬೋರ್‌ವೆಲ್ ನೀರಾ? ಹಾಗಿದ್ರೆ ಹೊಳಪು ಹೋಗಿರೋದು ಬರೀ ಡೈಯಿಂದಲ್ಲ. ಗಡಸು ನೀರಿನ ಸುಣ್ಣದ ಅಂಶವೂ ಕೂದಲ ಮೇಲೆ ಕೂರುತ್ತೆ. ಬಕೆಟ್ ಅಂಚಲ್ಲಿ ಬಿಳಿ ಕಟ್ಟಿರುತ್ತಲ್ಲ, ಅದೇ. ಅದಕ್ಕೆ ಕೀಲೇಟಿಂಗ್ ಶಾಂಪೂ ಅಂತ ಬರುತ್ತೆ.

ಲಂಡನ್‌ನಲ್ಲಿರುವ ಧಾರವಾಡದವರು: ಇಲ್ಲಿ ಔಷಧ ಅಂಗಡಿಯಲ್ಲೇ ಕಲರ್ ರಿಮೂವರ್ ಸಿಗುತ್ತದೆ. ಬ್ಲೀಚ್ ಅಲ್ಲ. ದೊಡ್ಡದಾದ ಬಣ್ಣದ ಕಣವನ್ನು ಮತ್ತೆ ಚಿಕ್ಕದು ಮಾಡುತ್ತದೆ, ಆಮೇಲೆ ನೀರಲ್ಲಿ ಹೋಗುತ್ತದೆ. ಕೊಳೆತ ಮೊಟ್ಟೆ ವಾಸನೆ, ಕಿಟಕಿ ತೆಗೆದಿಡ್ರಿ. ತೊಳೆಯೋದರಲ್ಲೇ ಎಲ್ಲಾ ಇರೋದು. ಒಳಗೆ ಉಳಿದರೆ ಮತ್ತೆ ಕಪ್ಪಾಗುತ್ತದೆ. ನಿಮ್ಮ ಹಳೇ ಬಣ್ಣ ಬರುತ್ತದೆ ಅಂತ ಮಾತ್ರ ಕಾಯಬೇಡ್ರಿ. ಡೈಯ ಪೆರಾಕ್ಸೈಡ್ ಸ್ವಂತ ಬಣ್ಣವನ್ನೂ ಸ್ವಲ್ಪ ತಿಳಿ ಮಾಡಿರುತ್ತದೆ, ಹಾಗಾಗಿ ಕೆಳಗಿಂದ ಕೆಂಗಂದು ಕಾಣುತ್ತದೆ.

ಕೇಳಿದವರು: ನಡುವೆ ಕಪ್ಪು ಮೆಹಂದಿಯೂ ಹಚ್ಚಿದ್ದೆ. ಪ್ಯಾಕೆಟ್ ಮೇಲೆ ಹರ್ಬಲ್ ಅಂತ ಇತ್ತು.

ಹಾಸನ: ಇದನ್ನ ಮೊದಲೇ ಹೇಳಬೇಕಿತ್ತಲ್ವಾ! ಮೆಹಂದಿ ಬಣ್ಣ ಕೂದಲಿನ ಪ್ರೋಟೀನ್‌ಗೇ ಅಂಟಿರುತ್ತೆ, ರಿಮೂವರ್‌ಗೆ ಬಗ್ಗಲ್ಲ. ಅದರಲ್ಲಿ ನೀಲಿ ಗಿಡದ (ಇಂಡಿಗೊ) ಎಲೆ ಪುಡಿ ಇದ್ದರೆ ಬ್ಲೀಚ್ ಮಾಡಿದಾಗ ಹಸಿರು ತಿರುಗಬಹುದು. ಲೋಹದ ಲವಣ ಬೆರೆಸಿದ ಪುಡಿಯಾದರೆ ಪೆರಾಕ್ಸೈಡ್ ಬಿದ್ದಾಗ ಕೂದಲು ಬಿಸಿಯಾಗಿ ಮುರಿಯಲೂಬಹುದು. ಹರ್ಬಲ್ ಅಂತ ಬರೆದ ಕಪ್ಪು ಪುಡಿಯಲ್ಲಿ ಪಿಪಿಡಿ (ಪ್ಯಾರಾ-ಫೀನಿಲೀನ್‌ಡೈಅಮೀನ್) ಅನ್ನೋ ಕೆಮಿಕಲ್ ಇರೋದೂ ಉಂಟು, ಹಿಂದೆ ಸಣ್ಣ ಅಕ್ಷರದಲ್ಲಿ ನೋಡಿ. ಅದು ಡೈಯೇ.

ಏನೇ ಮಾಡಿದರೂ ಮೊದಲು ಕಿವಿ ಹಿಂದಿನ ಒಂದು ಎಳೆ ಕತ್ತರಿಸಿ ಅದರ ಮೇಲೆ ನೋಡಿ. ಬ್ಲೀಚ್ ಮಾಡಿಸೋ ಯೋಚನೆ ಬಂದರೂ ಪಾರ್ಲರ್‌ನವರಿಗೆ ಮೆಹಂದಿ ವಿಷಯ ಹೇಳಿ, ಮುಚ್ಚಿಡಬೇಡಿ. ಇನ್ನು ಮೇಲೆ ಬುಡಕ್ಕೆ ಮಾತ್ರ ಡೈ. ಅದಕ್ಕೂ ಮುಂಚೆ ಉಳಿದ ಉದ್ದಕ್ಕೆ ದಪ್ಪಗೆ ಕಂಡೀಷನರ್ ಹಚ್ಚಿಬಿಡಿ. ತೊಳೆಯುವಾಗ ಇಳಿದು ಬರುವ ಡೈ ಅಲ್ಲಿ ಅಷ್ಟು ಹಿಡಿಯಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತೆ. ಎರಡು ಮೂರು ತಿಂಗಳಿಗೊಮ್ಮೆ ತುದಿ ಕತ್ತರಿಸ್ತಾ ಬನ್ನಿ, ಕಡುಗಪ್ಪು ಹಾಗೇ ಕೆಳಗಿಂದ ಕಮ್ಮಿಯಾಗುತ್ತೆ.