ಕ್ಯಾಂಪರ್ ಟ್ರೇಲರ್‌ಗೆ ಸೋಲಾರ್: ಹಾಕಿಸಿಕೊಂಡವರು ಏನಂತೀರಿ?

ಮೆಲ್ಬರ್ನ್‌ನಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಕಾರಿನ ಹಿಂದೆ ಕಟ್ಟಿ ಎಳೆಯುವ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಂಪರ್ ಟ್ರೇಲರ್ ತೆಗೆದುಕೊಂಡೆವು. ಮುಚ್ಚಳ ತೆಗೆದರೆ ಟೆಂಟ್ ಬಿಚ್ಚಿಕೊಳ್ಳುವ ಥರದ್ದು, ಗಟ್ಟಿ ಚಾವಣಿ ಇಲ್ಲ. ಮುಂದಿನ ಪೆಟ್ಟಿಗೆಯಲ್ಲಿ 100 ಆಂಪಿಯರ್-ಅವರ್‌ನ (ಅಂದರೆ 5 ಆಂಪಿಯರ್‌ನಂತೆ 20 ಗಂಟೆ ಕೊಡುವಷ್ಟು) ಹಳೇ ಎಜಿಎಂ, ಅಂದರೆ ಸೀಲ್ ಮಾಡಿದ ಲೆಡ್-ಆಸಿಡ್ ಬ್ಯಾಟರಿ ಇದೆ. 12 ವೋಲ್ಟ್‌ನ 50 ಲೀಟರ್ ಫ್ರಿಜ್, ನಾಲ್ಕು ಎಲ್‌ಇಡಿ ದೀಪ, ಒಂದು ನೀರಿನ ಪಂಪ್, ಜೊತೆಗೆ ಫೋನುಗಳು. ಈಸ್ಟರ್‌ಗೆ ಗ್ರಾಂಪಿಯನ್ಸ್ ಬೆಟ್ಟಗಳಿಗೆ ಹೋದಾಗ ಎರಡನೇ ದಿನ ಬೆಳಿಗ್ಗೆ ನೋಡಿದರೆ ಫ್ರಿಜ್ ನಿಂತುಹೋಗಿದೆ. ದೋಸೆ ಹಿಟ್ಟು ಉಕ್ಕಿ ಡಬ್ಬಿಯಿಂದ ಆಚೆ ಬಂದಿತ್ತು! ಅಂಗಡಿಯವರು 300 ವಾಟ್ ಪ್ಯಾನೆಲ್ ಹಾಕಿಬಿಡಿ, ಎಲ್ಲ ಸರಿಹೋಗುತ್ತದೆ ಅನ್ನುತ್ತಿದ್ದಾರೆ. ಹೌದಾ? ನಾವು ಹೋಗುವುದು ಹೆಚ್ಚಾಗಿ ಎರಡು ರಾತ್ರಿಗೆ. ಡಿಸೆಂಬರ್‌ನಲ್ಲಿ ಮಾತ್ರ ಹತ್ತು ದಿನ ಹೋಗುವ ಆಸೆ ಇದೆ. ಅನುಭವ ಇದ್ದವರು ಹೇಳಿ.

ಬೆಂಡಿಗೋದಿಂದ:

ಪ್ಯಾನೆಲ್ ವಿಷಯ ಆಮೇಲೆ. ಮೊದಲು ಫ್ರಿಜ್ ಯಾಕೆ ನಿಂತಿತು ಅಂತ ನೋಡೋಣ. ನಾನು ಇದೇ ತಪ್ಪಿನಲ್ಲಿ ಎರಡು ವರ್ಷ ಕಳೆದವನು.

ಅಷ್ಟು ದೊಡ್ಡ ಫ್ರಿಜ್‌ನ ಕಂಪ್ರೆಸರ್ ಓಡುವಾಗ ಸುಮಾರು 4 ಆಂಪಿಯರ್ ಎಳೆಯುತ್ತದೆ. ಆದರೆ ಅದು ಬಿಟ್ಟು ಬಿಟ್ಟು ಓಡುತ್ತದೆ. ನನ್ನ ಟ್ರೇಲರ್‌ನಲ್ಲಿ ಮೀಟರ್ ಇಟ್ಟು ಅಳೆದಾಗ ತಂಪು ದಿನದಲ್ಲಿ 24 ಗಂಟೆಗೆ 30 ಆಂಪಿಯರ್-ಅವರ್ ಬಂತು. 40 ಡಿಗ್ರಿ ಬಿಸಿಲಿದ್ದ ದಿನ 50 ದಾಟಿತು. ದೀಪ, ಪಂಪ್, ಫೋನ್ ಎಲ್ಲ ಸೇರಿ ಇನ್ನೊಂದು ಐದಾರು. ಅಂದರೆ ನಿಮಗೆ ದಿನಕ್ಕೆ ಸುಮಾರು 40 ಬೇಕು ಅಂತ ಇಟ್ಟುಕೊಳ್ಳಿ.

ಎಜಿಎಂ ಬ್ಯಾಟರಿಯ ಮೇಲೆ 100 ಅಂತ ಬರೆದಿದ್ದರೂ ಅರ್ಧಕ್ಕಿಂತ ಜಾಸ್ತಿ ತೆಗೆಯಬಾರದು. ತೆಗೆದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಹೊಸದಾಗಿದ್ದರೇ ಸಿಗುವುದು 50. ನಿಮ್ಮದು ಹಳೆಯದು, ಹಿಂದಿನ ಮಾಲೀಕರು ಎಷ್ಟು ಸಲ ಪೂರ್ತಿ ಖಾಲಿ ಮಾಡಿದ್ದಾರೋ ಏನೋ. ಎರಡನೇ ಬೆಳಿಗ್ಗೆ ಕೈಕೊಟ್ಟಿದ್ದರಲ್ಲಿ ಆಶ್ಚರ್ಯ ಇಲ್ಲ.

ಆದರೆ ಬ್ಯಾಟರಿ ಬದಲಾಯಿಸುವ ಮುಂಚೆ ಇನ್ನೊಂದು ಕೆಲಸ ಮಾಡಿ. ಒಂದು ಮಲ್ಟಿಮೀಟರ್ ತನ್ನಿ. ಕಂಪ್ರೆಸರ್ ಓಡುತ್ತಿರುವಾಗ ಬ್ಯಾಟರಿ ಹತ್ತಿರ ಒಮ್ಮೆ, ಫ್ರಿಜ್‌ಗೆ ಕರೆಂಟ್ ಕೊಡುವ ಸಾಕೆಟ್ ಹತ್ತಿರ ಒಮ್ಮೆ ವೋಲ್ಟೇಜ್ ನೋಡಿ. ನನಗೆ ಬ್ಯಾಟರಿಯಲ್ಲಿ 12.2 ತೋರಿಸಿತು, ಫ್ರಿಜ್ ಹತ್ತಿರ 11.5! ಫ್ರಿಜ್‌ಗೆ ಗೊತ್ತಾಗುವುದು ತನ್ನ ಹತ್ತಿರದ ವೋಲ್ಟೇಜ್ ಮಾತ್ರ. ಬ್ಯಾಟರಿ ಖಾಲಿಯಾಗಿದೆ ಅಂದುಕೊಂಡು ಅದು ಆಫ್ ಆಗುತ್ತಿತ್ತು. ನಾನು ಹೊಸ ಬ್ಯಾಟರಿ ತಂದೆ, ಆಗಲೂ ಅದೇ ಕಥೆ. ಕೊನೆಗೆ ನೋಡಿದರೆ ಕಾರಿನ ಸಿಗರೇಟ್ ಲೈಟರ್ ಥರದ ಸಾಕೆಟ್ ಸಡಿಲ, ಅದಕ್ಕೆ ಬಂದ ವೈರ್ ದಾರದಷ್ಟು ತೆಳು. ವೈರ್ ಬದಲಾಯಿಸಿ, ತಿರುಗಿಸಿ ಬಿಗಿ ಮಾಡುವ ಸಾಕೆಟ್ ಹಾಕಿದ ಮೇಲೆ ನಿಂತಿಲ್ಲ.

ವೈರ್ ಕೊಳ್ಳುವಾಗ ಹುಷಾರು. ಇಲ್ಲಿ ಕಾರಿನ ಬಿಡಿಭಾಗದ ಅಂಗಡಿಯಲ್ಲಿ 6 ಎಂಎಂ ಅಂತ ಮಾರುವ ವೈರ್‌ನಲ್ಲಿ ಆ 6 ಅನ್ನುವುದು ಪ್ಲಾಸ್ಟಿಕ್ ಹೊದಿಕೆ ಸೇರಿದ ದಪ್ಪ. ಒಳಗಿನ ತಾಮ್ರ ಸುಮಾರು 4.6 ಚದರ ಮಿಲಿಮೀಟರ್ ಅಷ್ಟೇ. ನಮ್ಮೂರಲ್ಲಿ ಮನೆ ವೈರಿಂಗ್‌ಗೆ 4 ಸ್ಕ್ವೇರ್ ಎಂಎಂ ಕೊಡಿ ಅಂತ ಕೇಳುತ್ತೇವಲ್ಲ, ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಾರಿನಿಂದ ಟ್ರೇಲರ್‌ವರೆಗೆ ಉದ್ದಕ್ಕೆ ಎಳೆಯಲು 6 ಬಿ ಅಂಡ್ ಎಸ್ ಅನ್ನುವ ಅಳತೆಯ ವೈರ್ ಕೇಳಿ, ಅದರಲ್ಲಿ 13.5 ಚದರ ಮಿಲಿಮೀಟರ್ ತಾಮ್ರ ಇರುತ್ತದೆ. ಮತ್ತೆ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ವೈರ್‌ನ ಆ ತುದಿಯಲ್ಲಿ ಹಾಕಿದರೆ ನಡುವೆ ಎಲ್ಲಾದರೂ ಉಜ್ಜಿ ಶಾರ್ಟ್ ಆದಾಗ ಅದು ಇದ್ದೂ ಇಲ್ಲದ ಹಾಗೆ.

ಪರ್ತ್‌ನಿಂದ:

ಮೇಲಿನವರು ಹೇಳಿದ್ದು ಸರಿ. ನಾನು ಪ್ಯಾನೆಲ್ ಬಗ್ಗೆ ಮಾತ್ರ ಹೇಳುತ್ತೇನೆ. ನಿಮ್ಮದು ಬಟ್ಟೆ ಟೆಂಟ್ ಆದ್ದರಿಂದ ಮೇಲೆ ಕೂರಿಸುವ ಯೋಚನೆ ಬಿಡಿ. ಮುಚ್ಚಳದ ಮೇಲೆ ಹಾಕಿಸಿದರೆ ಟೆಂಟ್ ಬಿಚ್ಚಿದಾಗ ಪ್ಯಾನೆಲ್ ಯಾವ ಕಡೆಗೆ ತಿರುಗುತ್ತದೋ ಆ ಕಡೆಗೇ. ಮಡಚುವ ಪ್ಯಾನೆಲ್, ಜೊತೆಗೆ 10 ಮೀಟರ್ ದಪ್ಪ ಕೇಬಲ್ ಸಾಕು. ಟೆಂಟ್ ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ. ಬೇಸಿಗೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ನನ್ನ ಪೆದ್ದುತನ ಒಂದು ಹೇಳಲಾ? ಮೊದಲ ವರ್ಷ ಜುಲೈನಲ್ಲಿ ಕರಿಜಿನಿ ನ್ಯಾಷನಲ್ ಪಾರ್ಕ್‌ಗೆ ಹೋಗಿದ್ದೆವು. 200 ವಾಟ್ ಪ್ಯಾನೆಲ್ ಬಿಚ್ಚಿ ಠೀವಿಯಿಂದ ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿ ನಿಲ್ಲಿಸಿದೆ. ಮೈಸೂರಿನ ನಮ್ಮ ಮನೆ ತಾರಸಿಯಲ್ಲಿ ಸೋಲಾರ್ ವಾಟರ್ ಹೀಟರ್ ದಕ್ಷಿಣಕ್ಕೇ ತಾನೇ ಇರುವುದು! ಮಧ್ಯಾಹ್ನ ಎರಡು-ಮೂರು ಆಂಪಿಯರ್ ಬರುತ್ತಿತ್ತು. ಪ್ಯಾನೆಲ್ ಕೆಟ್ಟಿದೆ ಅಂತ ಅಂಗಡಿಯವನನ್ನು ಬೈದುಕೊಂಡೆ. ಪಕ್ಕದ ಕ್ಯಾಂಪಿನ ಅಜ್ಜ ಬಂದು ಒಂದು ಮಾತೂ ಆಡದೆ ಪ್ಯಾನೆಲನ್ನು ಉತ್ತರಕ್ಕೆ ತಿರುಗಿಸಿ ಹೋದರು. 8 ಆಂಪಿಯರ್ ಬಂತು. ಭೂಮಧ್ಯರೇಖೆ ದಾಟಿ ಬಂದು ಆರು ವರ್ಷ ಆಗಿತ್ತು ಆಗ.

ಅಂದ ಹಾಗೆ ಆ 8 ಅನ್ನುವುದೇ ನಿಜವಾದ ಲೆಕ್ಕ. 200 ವಾಟ್‌ಗೆ 11 ಅಂತ ಡಬ್ಬಿ ಮೇಲೆ ಬರೆದಿರುತ್ತಾರೆ, ಅದು ಪ್ರಯೋಗಾಲಯದ ಮಾತು. ಪ್ಯಾನೆಲ್ ಬಿಸಿಯಾದಷ್ಟೂ ಕೊಡುವುದು ಕಡಿಮೆ. ಒಂದು ಟೆಂಟ್ ಹಗ್ಗದ ನೆರಳು, ನಾಲ್ಕು ನೀಲಗಿರಿ ಎಲೆ ಬಿದ್ದರೂ ತಟ್ಟನೆ ಇಳಿಯುತ್ತದೆ. ಒಳ್ಳೇ ಬಿಸಿಲಲ್ಲಿ ದಿನಕ್ಕೆ 40-45 ಆಂಪಿಯರ್-ಅವರ್ ಸಿಗುತ್ತದೆ, ನಿಮ್ಮ ಖರ್ಚಿಗೆ ಸರಿಯಾಯಿತು. ಆದರೆ ಮೆಲ್ಬರ್ನ್ ಕಡೆಯ ಜೂನ್ ಚಳಿಗಾಲದಲ್ಲಿ ಅದರ ಅರ್ಧ ಬಂದರೂ ಪುಣ್ಯ.

ಅಗ್ಗದ 300 ವಾಟ್ ನೋಡಿ ಮರುಳಾಗಬೇಡಿ. ಟೇಪ್ ಹಿಡಿದು ಅಳೆಯಿರಿ. ಒಂದು ಚದರ ಮೀಟರ್‌ಗೆ ಹೆಚ್ಚು ಕಡಿಮೆ 200 ವಾಟ್. ಮುಕ್ಕಾಲು ಚದರ ಮೀಟರ್ ಪ್ಯಾನೆಲ್‌ಗೆ 300 ಅಂತ ಬರೆದಿದ್ದರೆ ನಗಿ, ಮುಂದಕ್ಕೆ ಹೋಗಿ.

ಅಡಿಲೇಡ್‌ನಿಂದ:

ಎರಡೇ ಮಾತು. ಮಡಚುವ ಪ್ಯಾನೆಲ್‌ನ ಬೆನ್ನಿಗೆ ಸಾಮಾನ್ಯವಾಗಿ ಬ್ಯಾಟರಿಗೆ ಹೋಗುವ ಚಾರ್ಜನ್ನು ಹತೋಟಿಯಲ್ಲಿಡುವ ಒಂದು ಪುಟ್ಟ ರೆಗ್ಯುಲೇಟರ್ ಅಂಟಿಸಿರುತ್ತಾರೆ. ಟ್ರೇಲರ್‌ನಲ್ಲೂ ಅದೇ ಕೆಲಸ ಮಾಡುವ ಒಂದು ಸೋಲಾರ್ ಚಾರ್ಜರ್ ಇದ್ದರೆ ಎರಡನ್ನೂ ಒಂದರ ಹಿಂದೆ ಒಂದು ಸೇರಿಸಬಾರದು. ಎರಡೂ ಜಗಳ ಆಡುತ್ತವೆ, ಬ್ಯಾಟರಿಗೆ ಸರಿಯಾಗಿ ಏನೂ ಹೋಗುವುದಿಲ್ಲ. ಬೆನ್ನಿನದನ್ನು ಬಿಡಿಸಿ, ಬ್ಯಾಟರಿ ಪಕ್ಕದ್ದನ್ನು ಉಳಿಸಿಕೊಳ್ಳಿ. ಉದ್ದ ಕೇಬಲ್‌ನ ಆ ತುದಿಯಲ್ಲಿ ಕೂತ ರೆಗ್ಯುಲೇಟರ್‌ಗೆ ಬ್ಯಾಟರಿಯ ನಿಜವಾದ ಸ್ಥಿತಿ ತಿಳಿಯುವುದಿಲ್ಲ, ತುಂಬಿತು ಅಂತ ಬೇಗ ಕೈ ಎತ್ತಿಬಿಡುತ್ತದೆ.

ಇನ್ನೊಂದು, ಪ್ಯಾನೆಲ್ ಕೇಬಲನ್ನು ಟ್ರೇಲರ್‌ಗೆ ಸೇರಿಸುವ ಆಂಡರ್ಸನ್ ಪ್ಲಗ್. ಸೋಲಾರ್ ಕಿಟ್‌ಗಳ ಪ್ಲಗ್‌ನಲ್ಲಿ ಪ್ಲಸ್ಸು ಮೈನಸ್ಸು ಅದಲು ಬದಲಾಗಿರುವುದು ಉಂಟು. ಪ್ಲಗ್ ಆರಾಮಾಗಿ ಒಳಗೆ ಹೋಗುತ್ತದೆ, ಆಮೇಲೆ ಹೊಗೆ. ನನ್ನ ರೆಗ್ಯುಲೇಟರ್ ಹೋಗಿದ್ದು ಹಾಗೆಯೇ. ಚುಚ್ಚುವ ಮುಂಚೆ ಮೀಟರ್ ಹಿಡಿಯಿರಿ. ರೆಗ್ಯುಲೇಟರ್‌ಗೆ ಮೊದಲು ಬ್ಯಾಟರಿ ಸೇರಿಸಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್.

ಬ್ರಿಸ್ಬೇನ್‌ನಿಂದ:

ದೋಸೆ ಹಿಟ್ಟು ಅಂದಿರಿ, ಹಾಗಾದರೆ ಮುಂದಿನ ಪ್ರಶ್ನೆ ಮಿಕ್ಸಿ ತಾನೇ? 😄 ನಡೆಯುತ್ತದೆ. 750 ವಾಟ್ ಮಿಕ್ಸಿ ಎರಡು ನಿಮಿಷ ಓಡಿದರೆ ಎರಡೂವರೆ ಆಂಪಿಯರ್-ಅವರ್ ಅಷ್ಟೇ, ಚಟ್ನಿಗೆ ಅಡ್ಡಿಯಿಲ್ಲ. ಆದರೆ ಆ ಎರಡು ನಿಮಿಷ ಬ್ಯಾಟರಿಯಿಂದ ಹತ್ತಿರ ಹತ್ತಿರ 70 ಆಂಪಿಯರ್ ಎಳೆಯುತ್ತದೆ. ಮನೆ ಕರೆಂಟಿನಂಥದ್ದನ್ನೇ ಕೊಡುವ ಪ್ಯೂರ್ ಸೈನ್ ವೇವ್ ಇನ್ವರ್ಟರೇ ಬೇಕು. ಅಗ್ಗದ್ದರಲ್ಲಿ ಮಿಕ್ಸಿ ಗೊಣಗುತ್ತದೆ, ಬಿಸಿಯಾಗುತ್ತದೆ. ರೈಸ್ ಕುಕ್ಕರ್ ಬೇಡ. ಒಂದು ಹೊತ್ತಿನ ಅನ್ನಕ್ಕೆ 20 ಹೋಯಿತು ಅಂದರೆ ಫ್ರಿಜ್‌ನ ಅರ್ಧ ದಿನದ ಊಟ. ಗ್ಯಾಸ್ ಒಲೆ, ಮೂರು ವಿಷಲ್, ಮುಗಿಯಿತು. ಕೆಟಲ್ ಮಾತೇ ಎತ್ತಬೇಡಿ.

ಜೀಲಾಂಗ್‌ನಿಂದ:

ಎಲ್ಲರೂ ಸೋಲಾರ್ ಸೋಲಾರ್ ಅನ್ನುತ್ತಿದ್ದೀರಿ. ನಾನು ಸ್ವಲ್ಪ ಉಲ್ಟಾ ಹೇಳುತ್ತೇನೆ. ಎರಡು ರಾತ್ರಿಗೆ ಸೋಲಾರ್ ಬೇಕಾಗಿಯೇ ಇಲ್ಲ!

ಗ್ರಾಂಪಿಯನ್ಸ್‌ಗೆ ಮೂರು ಗಂಟೆ ಡ್ರೈವ್. ಟ್ರೇಲರ್‌ನಲ್ಲಿ 25 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. ಮೂರು ಗಂಟೆಗೆ 75 ಆಂಪಿಯರ್-ಅವರ್ ಕಾರಿನಿಂದಲೇ ಸಿಗುತ್ತದೆ. ಈಗಿನ ಕಾರುಗಳ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಭಾಗ) ಬುದ್ಧಿವಂತ, ತನ್ನ ಬ್ಯಾಟರಿ ತುಂಬಿದ ಮೇಲೆ ವೋಲ್ಟೇಜ್ ಇಳಿಸಿಬಿಡುತ್ತದೆ. ಅದಕ್ಕೇ ಬರೀ ವೈರ್ ಎಳೆದರೆ ಸಾಲದು, ನಡುವೆ ಈ ಚಾರ್ಜರ್ ಬೇಕು. ಅದರ ಜೊತೆ 100ರ ಲಿಥಿಯಂ ಬ್ಯಾಟರಿ. ಅದರಲ್ಲಿ 80-90 ಧಾರಾಳವಾಗಿ ಬಳಸಬಹುದು. ತೂಕ 12 ಕೆಜಿ ಆಸುಪಾಸು, ನಿಮ್ಮ ಎಜಿಎಂ 30 ಇರುತ್ತದೆ. ಟ್ರೇಲರ್ ಮೂತಿಯ ಮೇಲೆ ಅಷ್ಟು ತೂಕ ಕಡಿಮೆಯಾದರೆ ಕಾರಿಗೂ ಹಾಯೆನಿಸುತ್ತದೆ. ಶುಕ್ರವಾರ ಸಂಜೆ ಹೊರಟು ಭಾನುವಾರ ವಾಪಸ್ ಬರುವವರಿಗೆ ಇಷ್ಟೇ ಸಾಕು. ಚಾರ್ಜರ್ ತೆಗೆದುಕೊಳ್ಳುವಾಗ ಸೋಲಾರ್ ಇನ್‌ಪುಟ್ ಇರುವುದನ್ನೇ ತೆಗೆದುಕೊಳ್ಳಿ. ಡಿಸೆಂಬರ್‌ಗೆ ಪ್ಯಾನೆಲ್ ಬೇಕಾದರೆ ಸೇರಿಸಿದರಾಯಿತು. ಹಲವು ನ್ಯಾಷನಲ್ ಪಾರ್ಕ್‌ಗಳಲ್ಲಿ ಜನರೇಟರ್ ಬಿಡುವುದಿಲ್ಲ, ಹತ್ತು ದಿನ ಒಂದೇ ಕಡೆ ಕೂರುವವರಿಗೆ ಪ್ಯಾನೆಲೇ ಗತಿ.

ಲಿಥಿಯಂಗೆ ಎರಡು ಷರತ್ತು. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಚಳಿಗಾಲದಲ್ಲಿ ಬೆಟ್ಟದ ಕಡೆ ಹೋಗುವವರು ನೆನಪಿಟ್ಟುಕೊಳ್ಳಿ. ಎರಡನೆಯದು, ಆಸ್ಟ್ರೇಲಿಯಾ-ನ್ಯೂಜಿಲೆಂಡ್‌ನ 2022ರ ಎಎಸ್/ಎನ್‌ಜೆಡ್‌ಎಸ್ 3001.2 ಸ್ಟ್ಯಾಂಡರ್ಡ್ ಪ್ರಕಾರ ಆ ಬ್ಯಾಟರಿ ಜನ ಮಲಗುವ ಜಾಗಕ್ಕೆ ತೆರೆದುಕೊಂಡಿರಬಾರದು. ನಿಮ್ಮದು ಹೊರಗಿನ ಪೆಟ್ಟಿಗೆ, ಅಲ್ಲೇ ಇರಲಿ. ಮಂಚದ ಕೆಳಗೆ ಜಾಗ ಇದೆ ಅಂತ ತಳ್ಳಬೇಡಿ. 12 ವೋಲ್ಟ್ ಕೆಲಸ ಕೈಯಾರೆ ಮಾಡಿಕೊಳ್ಳಬಹುದು. ಟ್ರೇಲರ್‌ಗೆ 230 ವೋಲ್ಟ್ ವೈರಿಂಗ್ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ.

ಬೆಂಡಿಗೋದಿಂದ ಮತ್ತೆ:

ಜೀಲಾಂಗ್ ಸರ್ ಮಾತು ಒಪ್ಪಿದೆ, ಒಂದು ತಿದ್ದುಪಡಿ. ಆ 75 ಪೂರ್ತಿ ಒಳಗೆ ಹೋಗುವುದು ಲಿಥಿಯಂಗೆ ಮಾತ್ರ. ಎಜಿಎಂ ಮುಕ್ಕಾಲು ತುಂಬಿದ ಮೇಲೆ ಸೊಪ್ಪು ತಿನ್ನುವ ಹಸುವಿನ ಹಾಗೆ ನಿಧಾನ ಮಾಡುತ್ತದೆ. ಮತ್ತೆ ಜಲ್ಲಿ ರಸ್ತೆಯಲ್ಲಿ ಹೋಗಿ ಬಂದ ಮೇಲೆ ಬ್ಯಾಟರಿಯ ನಟ್ಟುಗಳನ್ನು ಒಮ್ಮೆ ಬಿಗಿ ಮಾಡಿ.

ಮೆಲ್ಬರ್ನ್‌ನಿಂದ ಮತ್ತೆ, ಮೂರು ವಾರದ ನಂತರ:

ಎಲ್ಲರಿಗೂ ಥ್ಯಾಂಕ್ಸ್. ಮಲ್ಟಿಮೀಟರ್ ತಂದು ಅಳೆದೆ. ಬ್ಯಾಟರಿ ಹತ್ತಿರ 12.4, ಫ್ರಿಜ್ ಸಾಕೆಟ್‌ನಲ್ಲಿ 11.6. ಬೆಂಡಿಗೋ ಸರ್ ಹೇಳಿದ ಕಥೆಯೇ. ವೈರ್, ಸಾಕೆಟ್ ಬದಲಾಯಿಸಿದೆ. ಲಿಥಿಯಂ ಮತ್ತು ಡಿಸಿ-ಡಿಸಿ ಚಾರ್ಜರ್ ಹಾಕಿಸಿದೆ. ಪ್ಯಾನೆಲ್ ಇನ್ನೂ ತೆಗೆದುಕೊಂಡಿಲ್ಲ. ಹೋದ ವಾರ ಎಚೂಕಾದಲ್ಲಿ ಮರ್ರೆ ನದಿ ದಂಡೆಯಲ್ಲಿ ಎರಡು ರಾತ್ರಿ ಇದ್ದೆವು. ಹೊರಡುವಾಗ ಬ್ಯಾಟರಿಯಲ್ಲಿ ಇನ್ನೂ ನೂರಕ್ಕೆ 31 ಉಳಿದಿತ್ತು. ಹಿಟ್ಟು ಹುಳಿಯೇ ಬಂದಿರಲಿಲ್ಲ, ದೋಸೆ ಸಪ್ಪೆ ಅಂತ ಮಕ್ಕಳ ದೂರು. ಅಡಿಲೇಡ್ ಅಕ್ಕಾ, ನವೆಂಬರ್‌ನಲ್ಲಿ ಪ್ಯಾನೆಲ್ ತಂದಾಗ ಪ್ಲಗ್‌ನ ಫೋಟೋ ಕಳಿಸುತ್ತೇನೆ, ಚುಚ್ಚುವ ಮುಂಚೆ ನೀವೊಮ್ಮೆ ನೋಡಿಬಿಡಿ.