ಕಾಯಿಲ್ ಬದಲಿಸಿದ ಮೇಲೆ ವೇಪ್‌ನಲ್ಲಿ ಸೀದ ವಾಸನೆ, ಎಷ್ಟು ವೋಲ್ಟ್ ಇಡಬೇಕು?

ಲೆಸ್ಟರ್_ಹೈದ:
ಹನ್ನೆರಡು ವರ್ಷ ಸಿಗರೇಟು ಸೇದಿದವನು ನಾನು. ಇಂಗ್ಲೆಂಡಿಗೆ ಬಂದ ಮೇಲೆ ಅದನ್ನು ಬಿಡೋಣ ಅಂತ ನಾಲ್ಕು ತಿಂಗಳಿಂದ ವೇಪ್ (ಇ-ಸಿಗರೇಟು) ಹಿಡಿದಿದ್ದೇನೆ. ಪೆನ್ ಥರದ್ದು, ವೋಲ್ಟ್ ಹೆಚ್ಚುಕಡಿಮೆ ಮಾಡಬಹುದು. ಇಷ್ಟು ದಿನ 4.2 ವೋಲ್ಟ್‌ಗೆ ಇಟ್ಟು ಹಾಯಾಗಿದ್ದೆ. ಹೋದ ವಾರ ಕಾಯಿಲ್ (ಒಳಗೆ ಹತ್ತಿ ಹೀರಿದ ಲಿಕ್ವಿಡ್ ಕಾಯಿಸುವ ತಂತಿ) ಹಳತಾಯಿತು ಅಂತ ಅಂಗಡಿಯಲ್ಲಿ ಕೇಳಿದರೆ ಬೇರೊಂದು ಕೊಟ್ಟರು, ಇದೂ ಕೂರುತ್ತೆ ಅಂದರು, ಕೂತಿತು ಕೂಡ. ಆದರೆ ಒಂದು ದಮ್ಮು ಎಳೆದರೆ ಸಾಕು, ಗಂಟಲು ಉರಿ, ಹತ್ತಿ ಸೀದ ವಾಸನೆ. ಲಿಕ್ವಿಡ್ ಅದೇ, ವೋಲ್ಟೂ ಅದೇ. ಬ್ಯಾಟರಿ ಕೆಟ್ಟಿದೆಯಾ?

ಓಮಪ್ಪ:
ಬ್ಯಾಟರಿ ಪಾಪ ಏನು ಮಾಡಿತು. ಎರಡೂ ಕಾಯಿಲ್ ಮೇಲೆ ಎಷ್ಟು ಓಮ್ (ಕರೆಂಟಿಗೆ ತಂತಿ ಒಡ್ಡುವ ತಡೆ) ಅಂತ ಬರೆದಿದೆ ನೋಡಿ ಹೇಳಿ.

ಲೆಸ್ಟರ್_ಹೈದ:
ಹಳೆಯದು 1.8, ಹೊಸದು 0.8. ಹೊಸದರ ಮೇಲೆ 12ರಿಂದ 16 ವ್ಯಾಟ್ ಅಂತಲೂ ಇದೆ.

ಓಮಪ್ಪ:
ಅಲ್ಲೇ ಇದೆ ನೋಡಿ ಎಡವಟ್ಟು. ಒಲೆ ಉರಿ ಅಷ್ಟೇ ಇಟ್ಟರೂ ದಪ್ಪ ತಳದ ಪಾತ್ರೆಯಲ್ಲಿ ಬೇಯುವ ಅನ್ನ ತೆಳು ಪಾತ್ರೆಯಲ್ಲಿ ಸೀದು ಹೋಗುತ್ತೆ ಅಲ್ವಾ, ಹಾಗೆ. ಹೈಸ್ಕೂಲ್ ಲೆಕ್ಕ: ವೋಲ್ಟನ್ನು ಅದರಿಂದಲೇ ಗುಣಿಸಿ, ಓಮ್‌ನಿಂದ ಭಾಗಿಸಿದರೆ ವ್ಯಾಟ್ ಬರುತ್ತೆ. 4.2ರಲ್ಲಿ ಹಳೆಯ ಕಾಯಿಲ್‌ಗೆ ಹೋಗುತ್ತಿದ್ದದ್ದು 10 ವ್ಯಾಟ್‌ಗಿಂತ ಚೂರು ಕಡಿಮೆ. ಹೊಸದಕ್ಕೆ ಹೋಗುತ್ತಿರುವುದು 22! ನಿಮ್ಮ ಕಾಯಿಲ್‌ಗೆ 3.1ರಿಂದ 3.5 ವೋಲ್ಟ್ ಸರಿ. ಕೆಳಗಿನಿಂದ ಶುರು ಮಾಡಿ, ರುಚಿ ಸಪ್ಪೆ ಅನಿಸಿದರೆ 0.1 ಏರಿಸಿ. "ವೇಪ್‌ಗೆ 3.7 ಬೆಸ್ಟ್" ಅಂತೆಲ್ಲ ಹೇಳುವವರು ಓಮ್ ಎಷ್ಟು ಅಂತ ಹೇಳದಿದ್ದರೆ ಆ ಮಾತಿಗೆ ಅರ್ಥವೇ ಇಲ್ಲ.

ಮತ್ತೆ, ಆ ಕಾಯಿಲ್ ಎಸೆಯಿರಿ. ಒಮ್ಮೆ ಸುಟ್ಟ ಹತ್ತಿ ಸರಿಹೋಗಲ್ಲ. ಹೊಸದು ಹಾಕಿದಾಗ ಟ್ಯಾಂಕ್ ತುಂಬಿ ಹತ್ತು ನಿಮಿಷ ಸುಮ್ನೆ ಬಿಡಿ, ಹತ್ತಿ ನೆನೆಯಲಿ.

ಮಳೆಕಾಡು:
ಲಿಕ್ವಿಡ್ 20 ಮಿಲಿಗ್ರಾಂ ಸಾಲ್ಟ್ ನಿಕೋಟಿನ್ನಾ (ಕಡಕ್ ಇದ್ದರೂ ಗಂಟಲಿಗೆ ಅಷ್ಟು ಉರಿ ಕೊಡದ ಥರದ್ದು)? ಹಾಗಾದರೆ 0.8 ಯಾಕೆ, ವಾಪಸ್ 1.8ಕ್ಕೇ ಹೋಗಿ. ಓಮ್ ಕಡಿಮೆ ಇದ್ದರೆ ಹೊಗೆ ಜಾಸ್ತಿ, ಹೊಗೆ ಜಾಸ್ತಿ ಬಂದಷ್ಟೂ ನಿಕೋಟಿನ್ನೂ ಜಾಸ್ತಿ, ತಲೆ ಗಿರ್ ಅನ್ನುತ್ತೆ. ಇನ್ನೊಂದು, ಸೀದ ವಾಸನೆ ಸಹಿಸಿಕೊಂಡು ಎಳೆಯಬೇಡಿ. 2015ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ಯೂನಿವರ್ಸಿಟಿಯವರು ಪರೀಕ್ಷೆ ಮಾಡಿದಾಗ 3.3 ವೋಲ್ಟ್‌ನಲ್ಲಿ ಕಾಣದ, ಫಾರ್ಮಾಲ್ಡಿಹೈಡ್ (ಕ್ಯಾನ್ಸರ್ ತರಬಲ್ಲ ರಾಸಾಯನಿಕ) ಬಿಡುವ ಪದಾರ್ಥ 5 ವೋಲ್ಟ್‌ನಲ್ಲಿ ಸಿಕ್ಕಿತ್ತು.

ಓಮಪ್ಪ:
ಆ ಪರೀಕ್ಷೆ ಬಗ್ಗೆ ಜಗಳವೂ ಆಗಿತ್ತು, ಅಷ್ಟು ಸುಟ್ಟದ್ದನ್ನು ಮನುಷ್ಯರು ಸೇದೋದೇ ಇಲ್ಲ ಅಂತ. ಇವರು ವಾರವಿಡೀ ಸೇದಿದ್ದಾರೆ ನೋಡಿ :)

ಲೆಸ್ಟರ್_ಹೈದ:
ಎರಡೇ ದಿನ ಮಾರಾಯರೇ! ಹೌದು, 20ರ ಸಾಲ್ಟೇ. 1.8 ಹಾಕಿ 4ಕ್ಕೆ ಇಟ್ಟೆ, ಗಂಟಲು ತಣ್ಣಗಾಯಿತು. ದಸರಾಕ್ಕೆ ಮೈಸೂರಿಗೆ ಬರುವಾಗ ಇದನ್ನು ತರಬಹುದಾ?

ಮಳೆಕಾಡು:
ಬೇಡವೇ ಬೇಡ. ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಬಂತು, 2019ರಿಂದ ಇಡೀ ದೇಶಕ್ಕೆ ಕಾಯ್ದೆಯೇ ಇದೆ. ಹೊರಗಿನಿಂದ ತರುವುದೂ ಅಪರಾಧ, ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಅಲ್ಲೇ ಬಿಟ್ಟು ಬನ್ನಿ, ನಿಕೋಟಿನ್ ಗಮ್ ಇಲ್ಲಿನ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತೆ.